ತಿರುಳಿನ ಉರಿಯೂತ: ಜೀನ್ ಅಭಿವ್ಯಕ್ತಿಯ ಮೂಲಕ ರೋಗನಿರ್ಣಯ

ಹಲ್ಲಿನ ಒಳಗಿರುವ ಮೃದು ಅಂಗಾಂಶವೇ ದಂತ ತಿರುಳು. ಹುಳುಕು, ಪೆಟ್ಟು ಅಥವಾ ಬಿರುಕಿನಿಂದ ಅದು ಕೆರಳಿ ಊದಿಕೊಂಡ ಸ್ಥಿತಿಗೆ ತಿರುಳಿನ ಉರಿಯೂತ ಅಥವಾ ಪಲ್ಪೈಟಿಸ್ ಎಂದು ಹೆಸರು. ತಿರುಳಿನ ಜೀವಕೋಶಗಳಲ್ಲಿ ಯಾವ ಜೀನ್‌ಗಳು ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತಿವೆ ಎಂದು ಅಳೆದರೆ ಉರಿಯೂತದ ಹಂತವನ್ನೂ ತಿರುಳು ಚೇತರಿಸಿಕೊಳ್ಳುವ ಸಾಧ್ಯತೆಯನ್ನೂ ತಿಳಿಯಬಹುದೇ ಎಂಬ ಪ್ರಶ್ನೆಯ ಸುತ್ತ ಎರಡು ದಶಕಗಳಿಂದ ಸಂಶೋಧನೆ ನಡೆದಿದೆ. ಪ್ರಯೋಗಾಲಯದಲ್ಲಿ ಅದು ಬಹಳ ದೂರ ಸಾಗಿದೆ, ಚಿಕಿತ್ಸಾಲಯದ ಬಾಗಿಲನ್ನು ಇನ್ನೂ ದಾಟಿಲ್ಲ. ಈ ಅಂತರಕ್ಕೆ ತಂತ್ರಜ್ಞಾನದ ಕೊರತೆಗಿಂತ ಪ್ರಶ್ನೆಯನ್ನು ಕೇಳಿದ ರೀತಿಯೇ ಹೆಚ್ಚು ಕಾರಣ.

ಹಲ್ಲುನೋವೆಂದು ಬಂದವರನ್ನು ಪರೀಕ್ಷಿಸುವ ದಂತವೈದ್ಯರು ಕೊನೆಗೆ ತೀರ್ಮಾನಿಸಬೇಕಾದುದು ತಿರುಳನ್ನು ಉಳಿಸುವುದೋ ತೆಗೆಯುವುದೋ ಎಂಬುದನ್ನು. ಉಳಿಸುವುದಾದರೆ ಹುಳುಕನ್ನು ಕೆರೆದು ತೆಗೆದು, ತಿರುಳಿನ ಮೇಲೆ ಔಷಧಗುಣದ ಸಿಮೆಂಟ್ ಹಚ್ಚಿ, ಫಿಲ್ಲಿಂಗ್ ಮಾಡಿ ಮುಚ್ಚಬಹುದು. ಇಲ್ಲವಾದರೆ ರೂಟ್ ಕೆನಾಲ್ ಚಿಕಿತ್ಸೆ. ಜನರ ಮಾತಿನಲ್ಲಿ, ನರ ತೆಗೆಸುವುದು. ತಿರುಳು ಹೋದ ಮೇಲೂ ಹಲ್ಲು ಬಾಯಲ್ಲಿ ನಿಲ್ಲುತ್ತದೆ, ನಿಜ. ಆದರೆ ತಿರುಳನ್ನು ಸುತ್ತುವರಿದ ಗಟ್ಟಿ ಪದರವಾದ ಡೆಂಟಿನ್ ಅನ್ನು ಹೊಸದಾಗಿ ಕಟ್ಟಿಕೊಳ್ಳುವ ಶಕ್ತಿ, ಸೋಂಕನ್ನು ಎದುರಿಸುವ ಶಕ್ತಿ, ಅಪಾಯವನ್ನು ನೋವಿನ ಮೂಲಕ ಮೊದಲೇ ತಿಳಿಸುವ ಶಕ್ತಿ ಅದಕ್ಕೆ ಇರುವುದಿಲ್ಲ. ಸಾಕಷ್ಟು ಕೊರೆದಿರುವುದರಿಂದ ದವಡೆ ಹಲ್ಲಾದರೆ ಕ್ಯಾಪ್ ಕೂಡ ಬೇಕಾಗುತ್ತದೆ, ಖರ್ಚು ಏರುತ್ತದೆ. ಜಗತ್ತಿನಲ್ಲಿ ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲುಗಳಲ್ಲಿ ಹುಳುಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹೀಗಿರುವಾಗ ತಪ್ಪಾಗಿ ತೆಗೆದ ಒಂದೊಂದು ತಿರುಳೂ, ತಪ್ಪಾಗಿ ಉಳಿಸಿಕೊಂಡ ಒಂದೊಂದು ತಿರುಳೂ ಲೆಕ್ಕಕ್ಕೆ ಬರುತ್ತದೆ.

ತಿರುಳು ಬಹಳ ಪುಟ್ಟ ಅಂಗಾಂಶ. ವಯಸ್ಕರ ಒಂದು ಹಲ್ಲಿನ ತಿರುಳಿನ ಸರಾಸರಿ ಗಾತ್ರ 0.02 ಘನ ಸೆಂಟಿಮೀಟರ್. ಎಲ್ಲ ಶಾಶ್ವತ ಹಲ್ಲುಗಳ ತಿರುಳನ್ನು ಕೂಡಿಸಿದರೂ 0.38 ಘನ ಸೆಂಟಿಮೀಟರ್ ದಾಟುವುದಿಲ್ಲ. ಇಷ್ಟರೊಳಗೆ ರಕ್ತನಾಳಗಳು, ನರತಂತುಗಳು, ನಾರು ಕಟ್ಟುವ ಫೈಬ್ರೊಬ್ಲಾಸ್ಟ್‌ಗಳು, ರಕ್ಷಣಾ ಕೋಶಗಳು, ಅಂಚಿನ ಉದ್ದಕ್ಕೂ ಸಾಲಾಗಿ ನಿಂತು ಡೆಂಟಿನ್ ಕಟ್ಟುವ ಒಡೊಂಟೊಬ್ಲಾಸ್ಟ್‌ಗಳು ಇವೆ. ಇಲ್ಲಿ ಕಾಂಡಕೋಶಗಳೂ ಇವೆ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 2000ದಲ್ಲಿ ತೋರಿಸಿದರು. ಸುತ್ತ ಗಟ್ಟಿ ಗೋಡೆಯಿರುವುದರಿಂದ ಊತಕ್ಕೆ ಹಿಗ್ಗಲು ಜಾಗವಿಲ್ಲ. ಹೀಗಾಗಿ ಒಂದು ಮೂಲೆಯಲ್ಲಿ ಉರಿಯೂತ ಶುರುವಾದರೆ ಇಡೀ ತಿರುಳು ತನ್ನದೇ ಒತ್ತಡಕ್ಕೆ ಸಿಕ್ಕಿ ಸಾಯುತ್ತದೆ ಎಂದು ಹಿಂದೆ ನಂಬಿದ್ದರು. ಈ ನಂಬಿಕೆ ಈಗ ಉಳಿದಿಲ್ಲ. ಹುಳುಕಿಗೆ ತಾಗಿದ ತಿರುಳಿನ ತುದಿ ಕೀವುಗಟ್ಟಿದ್ದರೂ ಕೆಲವೇ ಮಿಲಿಮೀಟರ್ ಆಚೆಗಿನ ಅಂಗಾಂಶ ಆರೋಗ್ಯವಾಗಿರಬಹುದು. ಜೀನ್ ವಿಶ್ಲೇಷಣೆಯ ಫಲಿತಾಂಶಗಳನ್ನು ಓದುವಾಗ ಈ ಸಂಗತಿಯನ್ನು ಮರೆಯುವಂತಿಲ್ಲ.

ಈ ಉರಿಯೂತಕ್ಕೆ ಮೂಲ ಕಾರಣ ಸೂಕ್ಷ್ಮಜೀವಿಗಳು ಎಂಬುದು 1965ರಲ್ಲಿ ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಜ್‌ಜೆರಾಲ್ಡ್ ನಡೆಸಿದ ಇಲಿಗಳ ಪ್ರಯೋಗದಿಂದ ಸ್ಪಷ್ಟವಾಯಿತು. ಸೂಕ್ಷ್ಮಜೀವಿಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳ ಹಲ್ಲು ಕೊರೆದು ತಿರುಳನ್ನು ತೆರೆದಿಟ್ಟರೂ ಅದು ಬದುಕಿತು, ಗಾಯದ ಮೇಲೆ ಡೆಂಟಿನ್ ಸೇತುವೆ ಕಟ್ಟಿಕೊಂಡಿತು. ಸಾಮಾನ್ಯ ಇಲಿಗಳಲ್ಲಿ ತಿರುಳು ಕೊಳೆತು ಸತ್ತಿತು. ತಿರುಳಿಗೆ ತನ್ನನ್ನು ತಾನೇ ಗುಣಪಡಿಸಿಕೊಳ್ಳುವ ಶಕ್ತಿಯಿದೆ ಎಂಬ ಭರವಸೆಯ ಬೇರು ಈ ಪ್ರಯೋಗದಲ್ಲಿದೆ.

ಈಗ ಬಳಕೆಯಲ್ಲಿರುವ ರೋಗನಿರ್ಣಯ ಮುಖ್ಯವಾಗಿ ನೋವಿನ ಕಥೆಯನ್ನು ಆಧರಿಸಿದೆ. ತಣ್ಣೀರು ಕುಡಿದಾಗ ಜುಮ್ಮೆಂದು ಕೂಡಲೇ ನಿಂತರೆ ತಿರುಳು ಚೇತರಿಸಿಕೊಳ್ಳಬಲ್ಲದು ಎಂದೂ, ನೋವು ಬಹಳ ಹೊತ್ತು ಉಳಿದರೆ, ಏನೂ ತಾಗದೆ ತಾನಾಗಿಯೇ ಬಂದರೆ, ರಾತ್ರಿ ನಿದ್ದೆಗೆಡಿಸಿದರೆ ಚೇತರಿಸಿಕೊಳ್ಳಲಾರದು ಎಂದೂ ಭಾವಿಸುತ್ತಾರೆ. ಜೊತೆಗೆ ತಣ್ಣನೆಯ ಸ್ಪ್ರೇ ತಾಗಿಸಿ, ಸಣ್ಣ ವಿದ್ಯುತ್ ಪ್ರವಾಹ ಹರಿಸಿ ಪರೀಕ್ಷಿಸುತ್ತಾರೆ. ಇವೆರಡೂ ನರ ಸ್ಪಂದಿಸುತ್ತಿದೆಯೇ ಎಂದು ಹೇಳುತ್ತವೆಯೇ ಹೊರತು ಅಂಗಾಂಶದ ಸ್ಥಿತಿಯನ್ನು ಹೇಳುವುದಿಲ್ಲ. ಅಮೆರಿಕದ ಎಂಡೊಡಾಂಟಿಸ್ಟರ (ತಿರುಳು ಮತ್ತು ಬೇರಿನ ಚಿಕಿತ್ಸಾ ತಜ್ಞರ) ಸಂಘ 2009ರಲ್ಲಿ ಪ್ರಕಟಿಸಿದ ಪರಿಭಾಷೆ ಉರಿಯೂತವನ್ನು ಹಿಂತಿರುಗಬಲ್ಲದ್ದು, ಹಿಂತಿರುಗಲಾರದ್ದು ಎಂದು ಎರಡಾಗಿ ಒಡೆಯಿತು. ವೋಲ್ಟರ್ಸ್ ಮತ್ತು ಸಂಗಡಿಗರು 2017ರಲ್ಲಿ ಆರಂಭಿಕ, ಸೌಮ್ಯ, ಮಧ್ಯಮ, ತೀವ್ರ ಎಂಬ ನಾಲ್ಕು ಹಂತಗಳನ್ನು ಸೂಚಿಸಿದರು. ಎರಡನೆಯ ವಿಂಗಡಣೆ ದೇಹದ ನಡವಳಿಕೆಗೆ ಹೆಚ್ಚು ಹತ್ತಿರವಿದೆ, ಏಕೆಂದರೆ ಉರಿಯೂತ ಒಂದು ಗೆರೆ ದಾಟಿದೊಡನೆ ಬದಲಾಗುವುದಿಲ್ಲ, ಕ್ರಮೇಣ ಏರುತ್ತದೆ.

ನೋವಿನ ಕಥೆಗೂ ಅಂಗಾಂಶದ ನಿಜಸ್ಥಿತಿಗೂ ಎಷ್ಟು ಹೊಂದಾಣಿಕೆಯಿದೆ? 1963ರಲ್ಲಿ ಸೆಲ್ಟ್ಜರ್, ಬೆಂಡರ್ ಮತ್ತು ಜಿಯಾಂಟ್ಜ್ ಕಿತ್ತ ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಲಕ್ಷಣಗಳಿಂದ ಅಂಗಾಂಶದ ಸ್ಥಿತಿಯನ್ನು ಊಹಿಸುವುದು ಕಷ್ಟವೆಂದು ಬರೆದರು. ಐವತ್ತು ವರ್ಷಗಳ ಬಳಿಕ, 2014ರಲ್ಲಿ, ರಿಕುಚ್ಚಿ ಮತ್ತು ಸಂಗಡಿಗರು ಹೆಚ್ಚು ಕಟ್ಟುನಿಟ್ಟಾಗಿ ಇದೇ ಕೆಲಸ ಮಾಡಿದಾಗ ಚಿತ್ರ ಸ್ವಲ್ಪ ಸುಧಾರಿಸಿತ್ತು. ಆರೋಗ್ಯಕರ ಅಥವಾ ಹಿಂತಿರುಗಬಲ್ಲದ್ದು ಎಂದು ಗುರುತಿಸಿದ 59 ಹಲ್ಲುಗಳಲ್ಲಿ 57 ಸರಿಯಾಗಿದ್ದವು. ಹಿಂತಿರುಗಲಾರದ್ದು ಎಂದ 32ರಲ್ಲಿ 27 ಸರಿಯಾಗಿದ್ದವು. ಉಳಿದ ಐದು ಹಲ್ಲುಗಳ ಮಟ್ಟಿಗೆ ರೂಟ್ ಕೆನಾಲ್ ಅಗತ್ಯವಿರಲಿಲ್ಲ ಎಂದಾಗುತ್ತದೆ. ಇನ್ನೊಂದೆಡೆ, ಸ್ವೀಡನ್ನಿನ ತಜ್ಞರು 2012ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ತಿರುಳಿನ ಸ್ಥಿತಿ ತಿಳಿಸುವ ಯಾವ ಪರೀಕ್ಷೆಗೂ ಗಟ್ಟಿ ಪುರಾವೆ ಸಾಲದು ಎಂದರು.

ಈ ನಡುವೆ ಚಿಕಿತ್ಸೆಯೇ ಬದಲಾಯಿತು. 1993ರಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಮಹ್ಮೂದ್ ತೊರಾಬಿನೆಜಾದ್ ಮತ್ತು ಸಂಗಡಿಗರು ಪರಿಚಯಿಸಿದ ಎಂಟಿಎ, ಅನಂತರ ಬಂದ ಬಯೋಡೆಂಟಿನ್ ಮುಂತಾದ ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟ್‌ಗಳು ಜೀವಂತ ತಿರುಳಿನ ಮೇಲೆ ಚೆನ್ನಾಗಿ ಕೂರುತ್ತವೆ. ಇವುಗಳಿಂದಾಗಿ ಹಿಂತಿರುಗಲಾರದ್ದು ಎಂದು ಗುರುತಿಸಿದ ಹಲ್ಲಿನಲ್ಲೂ ಕಿರೀಟದ ಭಾಗದ ತಿರುಳನ್ನು ಮಾತ್ರ ತೆಗೆದು ಬೇರಿನ ತಿರುಳನ್ನು ಉಳಿಸುವ ಪಲ್ಪಾಟಮಿ ಯಶಸ್ವಿಯಾಗತೊಡಗಿತು. ತಿರುಳನ್ನು ಎಲ್ಲಿಯವರೆಗೆ ಕತ್ತರಿಸಬೇಕು ಎಂಬುದಕ್ಕೆ ವೈದ್ಯರ ಕೈಯಲ್ಲಿರುವ ಮಾನದಂಡ ರಕ್ತಸ್ರಾವ. ಕತ್ತರಿಸಿದ ಜಾಗದಲ್ಲಿ ಐದರಿಂದ ಹತ್ತು ನಿಮಿಷದೊಳಗೆ ರಕ್ತ ನಿಂತರೆ ಉಳಿದ ಅಂಗಾಂಶ ಆರೋಗ್ಯವಾಗಿದೆ ಎಂದು ಊಹಿಸುತ್ತಾರೆ. ಒಂದು ಹಲ್ಲಿನ ಭವಿಷ್ಯವನ್ನು ತೀರ್ಮಾನಿಸಲು ಇದು ತೀರಾ ಒರಟು ಅಳತೆ. ಅಣುಮಟ್ಟದ ಪರೀಕ್ಷೆಯ ಅಗತ್ಯ ಎದ್ದು ಕಾಣುವುದು ಇಲ್ಲಿಯೇ.

ದೇಹದ ಬಹುಪಾಲು ಕೋಶಗಳಲ್ಲಿ ಒಂದೇ ಡಿಎನ್‌ಎ ಇದ್ದರೂ ಪ್ರತಿ ಕೋಶವೂ ತನಗೆ ಬೇಕಾದ ಜೀನ್‌ಗಳನ್ನು ಮಾತ್ರ ಬಳಸುತ್ತದೆ. ಬಳಕೆಯಲ್ಲಿರುವ ಜೀನ್‌ನಿಂದ ಸಂದೇಶವಾಹಕ ಆರ್‌ಎನ್‌ಎ ಪ್ರತಿಗಳು ತಯಾರಾಗುತ್ತವೆ. ಆ ಪ್ರತಿಗಳನ್ನು ಓದಿ ಕೋಶ ಪ್ರೋಟೀನ್ ಕಟ್ಟುತ್ತದೆ. ಯಾವ ಜೀನ್‌ನ ಪ್ರತಿಗಳು ಎಷ್ಟಿವೆ ಎಂದು ಎಣಿಸುವುದೇ ಜೀನ್ ಅಭಿವ್ಯಕ್ತಿ ವಿಶ್ಲೇಷಣೆ. ಕೋವಿಡ್ ಕಾಲದಲ್ಲಿ ಮನೆಮಾತಾದ ಆರ್‌ಟಿ-ಪಿಸಿಆರ್ ಈ ಎಣಿಕೆಯ ಒಂದು ವಿಧಾನ. ಆರ್‌ಎನ್‌ಎಯನ್ನು ಮೊದಲು ಡಿಎನ್‌ಎ ರೂಪಕ್ಕೆ ತಿರುಗಿಸಿ, ಪ್ರತಿ ಸುತ್ತಿಗೂ ದುಪ್ಪಟ್ಟಾಗುವಂತೆ ಹೆಚ್ಚಿಸುತ್ತಾ ಹೋಗುತ್ತಾರೆ. ಎಷ್ಟನೆಯ ಸುತ್ತಿನಲ್ಲಿ ಸಂಕೇತ ಕಾಣಿಸಿಕೊಂಡಿತು ಎಂಬ ಸಂಖ್ಯೆಯೇ ವರದಿಗಳಲ್ಲಿ ಜನ ನೋಡಿದ್ದ ಸಿಟಿ ಮೌಲ್ಯ. ಎರಡು ಮಾದರಿಗಳ ನಡುವೆ ಮೂರು ಸುತ್ತಿನ ವ್ಯತ್ಯಾಸವಿದ್ದರೆ ಪ್ರತಿಗಳ ಪ್ರಮಾಣದಲ್ಲಿ ಸುಮಾರು ಎಂಟು ಪಟ್ಟು ವ್ಯತ್ಯಾಸವಿದೆ ಎಂದರ್ಥ. ಕೋವಿಡ್ ಪರೀಕ್ಷೆ ಹುಡುಕಿದ್ದು ವೈರಾಣುವಿನ ಆರ್‌ಎನ್‌ಎಯನ್ನು. ಇಲ್ಲಿ ಅಳೆಯುವುದು ರೋಗಿಯದೇ ಕೋಶಗಳ ಆರ್‌ಎನ್‌ಎಯನ್ನು. 1995ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ಮೈಕ್ರೊಅರೇ ಚಿಪ್‌ಗಳು ಸಾವಿರಾರು ಜೀನ್‌ಗಳನ್ನು ಒಟ್ಟಿಗೆ ಅಳೆಯಲು ದಾರಿ ಮಾಡಿಕೊಟ್ಟವು. 2008ರ ಸುಮಾರಿಗೆ ಬಂದ ಆರ್‌ಎನ್‌ಎ ಸೀಕ್ವೆನ್ಸಿಂಗ್ ಪ್ರತಿಗಳನ್ನು ನೇರವಾಗಿ ಓದಿ ಎಣಿಸುತ್ತದೆ.

ಹುಳುಕಿನ ಬ್ಯಾಕ್ಟೀರಿಯಾಗಳ ತ್ಯಾಜ್ಯ ಡೆಂಟಿನ್‌ನ ಸೂಕ್ಷ್ಮ ನಾಳಗಳ ಮೂಲಕ ಒಳಗಿಳಿದಾಗ ಮೊದಲು ಎದುರಾಗುವುದು ಒಡೊಂಟೊಬ್ಲಾಸ್ಟ್‌ಗಳು. ಅವುಗಳ ಮೇಲಿನ ಟೋಲ್‌ನಂಥ ಗ್ರಾಹಕಗಳು, ಮುಖ್ಯವಾಗಿ ಟಿಎಲ್‌ಆರ್-2 ಮತ್ತು ಟಿಎಲ್‌ಆರ್-4, ಬ್ಯಾಕ್ಟೀರಿಯಾದ ಗೋಡೆಯ ತುಣುಕುಗಳನ್ನು ಗುರುತಿಸುತ್ತವೆ. ಕೋಶದೊಳಗೆ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನ್ ಚುರುಕಾಗಿ ಉರಿಯೂತದ ಜೀನ್‌ಗಳನ್ನು ಎಚ್ಚರಿಸುತ್ತದೆ. ಇಂಟರ್‌ಲ್ಯೂಕಿನ್-1 ಬೀಟಾ, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್-ಆಲ್ಫಾಗಳ ಪ್ರತಿಗಳು ಏರುತ್ತವೆ. ಇಂಟರ್‌ಲ್ಯೂಕಿನ್-8 ರಕ್ತದಿಂದ ನ್ಯೂಟ್ರೊಫಿಲ್ ಕೋಶಗಳನ್ನು ಕರೆಸಿಕೊಳ್ಳುತ್ತದೆ. ಕಾಕ್ಸ್-2 ಜೀನ್ ಏರಿದಾಗ ನೋವು ಹೆಚ್ಚಿಸುವ ಪ್ರೋಸ್ಟಗ್ಲಾಂಡಿನ್‌ಗಳು ತಯಾರಾಗುತ್ತವೆ. ಐಬುಪ್ರೊಫೆನ್ ಮಾತ್ರೆ ತಡೆಯುವುದು ಈ ಹಂತವನ್ನೇ. ಇದೇ ಹೊತ್ತಿಗೆ ಡೆಂಟಿನ್ ಕಟ್ಟುವ ಕೆಲವು ಜೀನ್‌ಗಳು ಕುಗ್ಗುತ್ತವೆ. ಆದರೆ ಉರಿಯೂತವೆಂದರೆ ಬರೀ ಹಾನಿಯೆಂದು ತಿಳಿಯಬಾರದು. ಸೌಮ್ಯವಾಗಿದ್ದಾಗ ಅದೇ ದುರಸ್ತಿಗೆ ಚಾಲನೆ ಕೊಡುತ್ತದೆ. ಹೀಗಾಗಿ ಉರಿಯೂತದ ಜೀನ್ ಏರಿದೆ ಎಂಬ ಒಂದೇ ಮಾತಿನಿಂದ ತಿರುಳು ಸಾಯುತ್ತದೆ ಎಂಬ ತೀರ್ಮಾನಕ್ಕೆ ಬರಲಾಗದು.

ಈ ಕ್ಷೇತ್ರದ ಮೊದಲ ದೊಡ್ಡ ನಕ್ಷೆ ಬಂದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ. ಮ್ಯಾಕ್‌ಲಾಕ್ಲನ್, ಸ್ಮಿತ್, ಬುಯಲ್ಸ್ಕಾ ಮತ್ತು ಕೂಪರ್ 2005ರಲ್ಲಿ ಆರೋಗ್ಯಕರ ಹಲ್ಲುಗಳ ಮತ್ತು ಹುಳುಕು ಹಲ್ಲುಗಳ ತಿರುಳನ್ನು ಸುಮಾರು 15,000 ಮಾನವ ಅನುಕ್ರಮಗಳಿದ್ದ ಚಿಪ್‌ಗಳಲ್ಲಿ ಹೋಲಿಸಿದರು. 445 ಜೀನ್‌ಗಳಲ್ಲಿ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚಿನ ವ್ಯತ್ಯಾಸ ಕಂಡಿತು: 360 ರೋಗದಲ್ಲಿ ಹೆಚ್ಚು, 85 ಆರೋಗ್ಯದಲ್ಲಿ ಹೆಚ್ಚು. ಡೆಂಟಿನ್ ಖನಿಜೀಕರಣಕ್ಕೆ ಬೇಕಾದ ಡಿಎಂಪಿ-1 ಇಳಿದಿತ್ತು, ಅಡ್ರಿನೊಮೆಡುಲಿನ್ ಏರಿತ್ತು, ದೇಹದ ಹಗಲು-ರಾತ್ರಿಯ ಲಯಕ್ಕೆ ಸಂಬಂಧಿಸಿದ ಪೆರ್-2 ಮತ್ತು ಪೆರ್-3 ಜೀನ್‌ಗಳೂ ಇಳಿದಿದ್ದವು. ಅಡ್ರಿನೊಮೆಡುಲಿನ್‌ನ ಸುಳಿವು ಹಿಡಿದು ಹೊರಟ ಅದೇ ಕೇಂದ್ರದವರು ಅದು ಹಲ್ಲಿನ ಕೋಶಗಳ ಬೆಳವಣಿಗೆ ಮತ್ತು ಖನಿಜೀಕರಣಕ್ಕೆ ನೆರವಾಗುತ್ತದೆ ಎಂದು ಮುಂದೆ ತೋರಿಸಿದರು. ರೋಗನಿರ್ಣಯಕ್ಕೆಂದು ಮಾಡಿದ ಹುಡುಕಾಟ ಚಿಕಿತ್ಸೆಗೆ ಸುಳಿವು ಕೊಟ್ಟ ಒಳ್ಳೆಯ ಉದಾಹರಣೆ ಇದು. ಆ ಅಧ್ಯಯನದಲ್ಲಿ ಹಲವು ಹಲ್ಲುಗಳ ಆರ್‌ಎನ್‌ಎಯನ್ನು ಒಟ್ಟಿಗೆ ಬೆರೆಸಿದ್ದರಿಂದ ಒಬ್ಬ ರೋಗಿಗೂ ಇನ್ನೊಬ್ಬರಿಗೂ ನಡುವಿನ ವ್ಯತ್ಯಾಸ ತಿಳಿಯುವಂತಿರಲಿಲ್ಲ.

ಆ ಕೊರತೆಯನ್ನು 2016ರಲ್ಲಿ ಅಮೆರಿಕದ ಗಲಿಷಿಯಾ, ಖಾನ್ ಮತ್ತು ಸಂಗಡಿಗರು ತುಂಬಲು ಯತ್ನಿಸಿದರು. ಹಿಂತಿರುಗಲಾರದ ಉರಿಯೂತವಿದ್ದ 20 ತಿರುಳುಗಳನ್ನೂ ಸಾಮಾನ್ಯವಾದ 20 ತಿರುಳುಗಳನ್ನೂ ಹೋಲಿಸಿ, ರೋಗಿಗಳು ಹೇಳಿದ ನೋವಿನ ಪ್ರಮಾಣವನ್ನೂ ಜೊತೆಗಿಟ್ಟುಕೊಂಡರು. ರೋಗನಿರೋಧಕ ಪ್ರತಿಕ್ರಿಯೆಯ ಜೀನ್‌ಗಳು ಏರಿದ್ದು ನಿರೀಕ್ಷಿತವೇ. ಅದಕ್ಕಿಂತ ಗಮನಾರ್ಹವೆಂದರೆ, ನೋವಿಲ್ಲದವರ ಮತ್ತು ಅಲ್ಪ ನೋವಿದ್ದವರ ತಿರುಳು, ತೀವ್ರ ನೋವಿದ್ದವರ ತಿರುಳಿಗಿಂತ ಕೆಲವು ಜೀನ್‌ಗಳ ಮಟ್ಟದಲ್ಲಿ ಬೇರೆಯಾಗಿತ್ತು. ಪ್ರೋಟೀನ್ ಕಟ್ಟದೆ ಬೇರೆ ಜೀನ್‌ಗಳನ್ನು ಹತೋಟಿಯಲ್ಲಿಡುವ ಮೈಕ್ರೊಆರ್‌ಎನ್‌ಎಗಳ ಕಡೆಗೂ ಸಂಶೋಧಕರ ಗಮನ ಹರಿದಿದೆ. ನಾರ್ತ್ ಕ್ಯಾರೊಲಿನಾದ ತಂಡವೊಂದು 2012ರಲ್ಲಿ ಉರಿಯೂತದ ತಿರುಳಿನಲ್ಲಿ 36 ಮೈಕ್ರೊಆರ್‌ಎನ್‌ಎಗಳ ಮಟ್ಟ ಬದಲಾಗಿರುವುದನ್ನು ಕಂಡಿತು. ಇವು ಸಾಮಾನ್ಯ ಸಂದೇಶವಾಹಕ ಆರ್‌ಎನ್‌ಎಗಿಂತ ಹೆಚ್ಚು ಕಾಲ ಕೆಡದೆ ಉಳಿಯುವುದರಿಂದ ಮುಂದಿನ ಪರೀಕ್ಷೆಗಳಿಗೆ ಒದಗಬಹುದು.

ನೋವಿನ ಜೀನ್‌ಗಳ ಅಧ್ಯಯನ ರೋಗಿಗಳಿಗೂ ವೈದ್ಯರಿಗೂ ಚೆನ್ನಾಗಿ ಗೊತ್ತಿರುವ ಒಂದು ಕಷ್ಟವನ್ನು ಬಿಡಿಸಿ ಹೇಳುತ್ತದೆ. ಕೆಳದವಡೆಯ ಹಲ್ಲು ತೀವ್ರವಾಗಿ ಸಿಡಿಯುತ್ತಿರುವಾಗ ಕೊಟ್ಟ ಇಂಜೆಕ್ಷನ್‌ನಿಂದ ತುಟಿ ಮರಗಟ್ಟಿದರೂ ಹಲ್ಲು ಮರಗಟ್ಟದೆ ಉಳಿಯುವುದುಂಟು. ಉರಿಯೂತದ ತಿರುಳಿನ ನರಗಳಲ್ಲಿ ಕೆಲವು ಬಗೆಯ ಸೋಡಿಯಂ ನಾಳಗಳು ಹೆಚ್ಚುತ್ತವೆ. ಅವುಗಳಲ್ಲಿ ನೇವ್ 1.8 ಎಂಬುದು ಮರಗಟ್ಟಿಸುವ ಔಷಧವಾದ ಲಿಡೊಕೇನ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಇಂಜೆಕ್ಷನ್ ವಿಫಲವಾಗಲು ಇದೊಂದು ಕಾರಣವಿರಬಹುದು. ರೋಗಿ ಹೆದರಿ ಒದ್ದಾಡುತ್ತಿದ್ದಾರೆ ಎಂದು ಗದರುವ ಮೊದಲು ಪ್ರತಿ ದಂತವೈದ್ಯರೂ ಇದನ್ನು ನೆನೆಯಬೇಕು.

ಇಷ್ಟೆಲ್ಲ ಜೀನ್ ಪಟ್ಟಿಗಳಿದ್ದೂ ಪರೀಕ್ಷೆ ಏಕೆ ಸಿದ್ಧವಾಗಿಲ್ಲ? ಮೊದಲ ತೊಡಕು ಮಾದರಿಯದು. ತಿರುಳನ್ನು ತೆಗೆದ ಮೇಲೆ ಪರೀಕ್ಷಿಸಿದರೆ ಅದನ್ನು ಉಳಿಸುವ ಪ್ರಶ್ನೆಯೇ ಇರುವುದಿಲ್ಲ. ಆರ್‌ಎನ್‌ಎ ಬೇಗ ಕೆಡುತ್ತದೆ. ತೆಗೆದೊಡನೆ ದ್ರವ ಸಾರಜನಕದಲ್ಲಿ ಅಥವಾ ಸಂರಕ್ಷಕ ದ್ರಾವಣದಲ್ಲಿ ಮುಳುಗಿಸಬೇಕು. ಹೋಲಿಕೆಗೆ ಬಳಸುವ ಆರೋಗ್ಯಕರ ತಿರುಳು ಬಹುಮಟ್ಟಿಗೆ ಬರುವುದು ಯುವಜನರ ಬುದ್ಧಿಹಲ್ಲುಗಳಿಂದ ಅಥವಾ ಕ್ಲಿಪ್ ಹಾಕಿಸಲು ಕಿತ್ತ ಹಲ್ಲುಗಳಿಂದ. ರೋಗದ ತಿರುಳು ಹಲವು ಸಲ ನಡುವಯಸ್ಸಿನವರದು. ಕಂಡ ವ್ಯತ್ಯಾಸದಲ್ಲಿ ರೋಗದ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಎಲ್ಲ ಸ್ಥಿತಿಯಲ್ಲೂ ಸಮನಾಗಿರುತ್ತವೆ ಎಂದು ಅಳತೆಗೋಲಾಗಿ ಬಳಸುವ ಜಿಎಪಿಡಿಎಚ್‌ನಂಥ ಜೀನ್‌ಗಳೇ ಉರಿಯೂತದಲ್ಲಿ ಏರುಪೇರಾಗಬಹುದು. ಪಿಸಿಆರ್ ಅಧ್ಯಯನಗಳಲ್ಲಿ ಏನೇನನ್ನು ವರದಿ ಮಾಡಲೇಬೇಕು ಎಂದು ಎಂಐಕ್ಯೂಇ ಮಾರ್ಗಸೂಚಿ 2009ರಿಂದಲೂ ಹೇಳುತ್ತ ಬಂದಿದೆ.

ಎರಡನೆಯದು ಇನ್ನೂ ಆಳದ ತೊಡಕು. ಜಾತ್ರೆಯಲ್ಲಿ ಗದ್ದಲ ಏರಿದಾಗ ಇದ್ದವರೇ ಜೋರಾಗಿ ಕೂಗುತ್ತಿದ್ದಾರೋ, ಹೊಸಬರು ಬಂದು ಸೇರಿದ್ದಾರೋ ಎಂದು ದೂರದಿಂದ ತಿಳಿಯುವುದಿಲ್ಲ. ಇಡೀ ತಿರುಳನ್ನು ಅರೆದು ಆರ್‌ಎನ್‌ಎ ಎಣಿಸಿದಾಗಲೂ ಹಾಗೆಯೇ. ಉರಿಯೂತದಲ್ಲಿ ನ್ಯೂಟ್ರೊಫಿಲ್, ಲಿಂಫೊಸೈಟ್‌ಗಳು ಗುಂಪಾಗಿ ನುಗ್ಗುತ್ತವೆ. ಏರಿದ ಜೀನ್‌ಗಳಲ್ಲಿ ಅನೇಕವು ಆ ಕೋಶಗಳು ತಮ್ಮೊಂದಿಗೆ ತಂದವು. ಒಂದೊಂದು ಕೋಶವನ್ನೂ ಪ್ರತ್ಯೇಕವಾಗಿ ಓದುವ ಏಕಕೋಶ ಸೀಕ್ವೆನ್ಸಿಂಗ್ ಈ ಗೊಂದಲವನ್ನು ಬಿಡಿಸಬಲ್ಲದು. 2021ರಲ್ಲಿ ಜೂರಿಕ್‌ನ ಸಂಶೋಧಕರು ಮಾನವ ಹಲ್ಲಿನ ಏಕಕೋಶ ನಕ್ಷೆಯನ್ನು ಪ್ರಕಟಿಸಿದ ಮೇಲೆ ಆರೋಗ್ಯಕರ ತಿರುಳಿನಲ್ಲಿ ಯಾವ ಕೋಶ ಯಾವ ಜೀನ್ ಬಳಸುತ್ತದೆ ಎಂಬುದಕ್ಕೆ ಒಂದು ಆಧಾರ ಸಿಕ್ಕಿದೆ.

ಆರ್‌ಎನ್‌ಎ ಏರಿದಷ್ಟೇ ಪ್ರೋಟೀನ್ ಏರುತ್ತದೆ ಎಂದೂ ನಂಬುವಂತಿಲ್ಲ. ಅಂಗಾಂಶವನ್ನು ಕರಗಿಸುವ ಎಂಎಂಪಿ-9 ಎಂಬ ಕಿಣ್ವವನ್ನು ನ್ಯೂಟ್ರೊಫಿಲ್‌ಗಳು ಮೂಳೆಮಜ್ಜೆಯಲ್ಲಿರುವಾಗಲೇ ತಯಾರಿಸಿ ಕಣಗಳಲ್ಲಿ ಕೂಡಿಟ್ಟುಕೊಂಡು ಬರುತ್ತವೆ. ತಿರುಳಿಗೆ ಬಂದು ಅದನ್ನು ಸುರಿಯುವಾಗ ಹೊಸ ಆರ್‌ಎನ್‌ಎ ಬೇಕಿಲ್ಲ. ಹೀಗಾಗಿ ಎಂಎಂಪಿ-9 ಅನ್ನು ಪ್ರೋಟೀನಾಗಿಯೇ ಅಳೆಯುವುದು ಹೆಚ್ಚು ಫಲ ಕೊಟ್ಟಿದೆ. ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ತಿರುಳಿನ ರಕ್ತದಲ್ಲಿ ಅದನ್ನು ಅಳೆದ ವರದಿ 2016ರಲ್ಲಿ ಬಂದಿತು. ಕರ್ನಾಟಕದ ಮಣಿಪಾಲದ ದಂತವೈದ್ಯಕೀಯ ಕಾಲೇಜಿನ ಬಲ್ಲಾಳ್ ಮತ್ತು ಸಂಗಡಿಗರು ಜೂರಿಕ್‌ನವರೊಂದಿಗೆ ಸೇರಿ, ಡೆಂಟಿನ್‌ನಿಂದ ಒಸರುವ ದ್ರವದಲ್ಲಿನ ಎಂಎಂಪಿ-9 ಮಟ್ಟಕ್ಕೂ ಹುಳುಕಿನ ಆಳಕ್ಕೂ ಸಂಬಂಧವಿದೆ ಎಂದು 2017ರಲ್ಲಿ ತೋರಿಸಿದರು. ಇದರಲ್ಲಿ ತಿರುಳನ್ನು ಮುಟ್ಟಬೇಕಾದ ಅಗತ್ಯವೇ ಇಲ್ಲ. 2022ರಲ್ಲಿ ಪ್ರಕಟವಾದ ಅವರ ಮುಂದಿನ ಅಧ್ಯಯನ, ತೆರೆದ ತಿರುಳನ್ನು ಸೋಡಿಯಂ ಹೈಪೊಕ್ಲೋರೈಟ್‌ನಿಂದ ತೊಳೆದು ಎಂಟಿಎ ಹಚ್ಚಿದರೆ ಫಲಿತಾಂಶ ಉತ್ತಮಗೊಳ್ಳುತ್ತದೆ ಎಂದೂ, ಎಂಎಂಪಿ-9 ಹೆಚ್ಚಿದ್ದ ಹಲ್ಲುಗಳಲ್ಲಿ ಚಿಕಿತ್ಸೆ ಸೋಲುವ ಸಾಧ್ಯತೆ ಹೆಚ್ಚೆಂದೂ ಕಂಡುಕೊಂಡಿತು.

ಮಣಿಪಾಲದ ಈ ಕೆಲಸ ಮುಖ್ಯವಾಗುವುದು ಅದು ಚಿಕಿತ್ಸೆ ಗೆದ್ದಿತೇ ಎಂಬ ಸರಿಯಾದ ಪ್ರಶ್ನೆಯನ್ನು ಕೇಳಿದ್ದರಿಂದ. ಬಹುಪಾಲು ಜೀನ್ ಅಧ್ಯಯನಗಳು ವೈದ್ಯರು ಮೊದಲೇ ಕೊಟ್ಟ ಹಣೆಪಟ್ಟಿಯನ್ನು ನಿಜವೆಂದು ಒಪ್ಪಿ, ಅದಕ್ಕೆ ಹೊಂದುವ ಜೀನ್‌ಗಳನ್ನು ಹುಡುಕಿವೆ. ಹಣೆಪಟ್ಟಿಯೇ ಅಲ್ಲಲ್ಲಿ ತಪ್ಪುವುದರಿಂದ ತಾನೇ ಹೊಸ ಪರೀಕ್ಷೆ ಬೇಕಾದದ್ದು? ತಪ್ಪು ಹಣೆಪಟ್ಟಿಯಿಂದ ಕಲಿತ ಪರೀಕ್ಷೆ ಅದೇ ತಪ್ಪನ್ನು ದುಬಾರಿ ಬೆಲೆಗೆ ಮತ್ತೆ ಹೇಳುತ್ತದೆ. ಕ್ಯಾನ್ಸರ್ ಕ್ಷೇತ್ರ ಇದನ್ನು ದಾಟಿದ ಬಗೆಯನ್ನು ಗಮನಿಸಬೇಕು. ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು 2002ರಲ್ಲಿ ಪ್ರಕಟಿಸಿದ 70 ಜೀನ್‌ಗಳ ಸ್ತನಕ್ಯಾನ್ಸರ್ ಪರೀಕ್ಷೆ, ಐದು ವರ್ಷದೊಳಗೆ ಯಾರಲ್ಲಿ ರೋಗ ಬೇರೆಡೆಗೆ ಹರಡಿತು, ಯಾರಲ್ಲಿ ಹರಡಲಿಲ್ಲ ಎಂಬ ಫಲಿತಾಂಶವನ್ನೇ ಆಧಾರವಾಗಿಟ್ಟುಕೊಂಡಿತು. ಮ್ಯಾಮಾಪ್ರಿಂಟ್ ಎಂಬ ಹೆಸರಿನಲ್ಲಿ ಅದಕ್ಕೆ ಅಮೆರಿಕದ ಔಷಧ ನಿಯಂತ್ರಕರ ಅನುಮತಿ ದೊರೆತದ್ದು 2007ರಲ್ಲಿ. ಹಲ್ಲಿಗೂ ಬೇಕಾದದ್ದು ಅಂಥದೇ ಆಧಾರ: ಈ ತಿರುಳನ್ನು ಉಳಿಸಿದೆವು, ಒಂದು ವರ್ಷದ ಬಳಿಕ ಅದು ಬದುಕಿತ್ತೇ?

ಕುರ್ಚಿಯ ಪಕ್ಕದಲ್ಲೇ ಕೆಲವು ನಿಮಿಷಗಳಲ್ಲಿ ಉತ್ತರ ಕೊಡುವ ಸಾಧನ ಅಸಾಧ್ಯವೇನಲ್ಲ. ಜಪಾನಿನಲ್ಲಿ ರೂಪುಗೊಂಡು 2000ದಲ್ಲಿ ಪ್ರಕಟವಾದ ಲ್ಯಾಂಪ್ ವಿಧಾನ ಒಂದೇ ಉಷ್ಣಾಂಶದಲ್ಲಿ ನ್ಯೂಕ್ಲಿಯಿಕ್ ಆಮ್ಲವನ್ನು ಹೆಚ್ಚಿಸುತ್ತದೆ, ದೊಡ್ಡ ಯಂತ್ರ ಬೇಡ. ವಸಡಿನ ರೋಗಕ್ಕೆ ಎಂಎಂಪಿ-8 ಎಂಬ ಕಿಣ್ವವನ್ನು ಅಳೆಯುವ ಪರೀಕ್ಷಾ ಪಟ್ಟಿಗಳು ಈಗಾಗಲೇ ಬಳಕೆಯಲ್ಲಿವೆ. ತಿರುಳಿನ ವಿಷಯದಲ್ಲಿ ಇಂಥ ಪರೀಕ್ಷೆಗೆ ತಕ್ಕ ಮಾದರಿ ಪಲ್ಪಾಟಮಿ ಮಾಡುವಾಗ ಕತ್ತರಿಸಿದ ಅಂಚಿನ ರಕ್ತ ಅಥವಾ ಅಂಗಾಂಶದ ತುಣುಕು. ಇನ್ನೂ ಕತ್ತರಿಸಬೇಕೇ, ಇಲ್ಲಿಗೆ ನಿಲ್ಲಿಸಿ ಸಿಮೆಂಟ್ ಹಚ್ಚಬಹುದೇ ಎಂಬ ತೀರ್ಮಾನ ಆಗುವುದು ಆ ಅಂಚಿನಲ್ಲಿಯೇ.

ಪಲ್ಪಾಟಮಿ ಈಗ ನಮ್ಮ ದಂತವೈದ್ಯಕೀಯ ಕಾಲೇಜುಗಳಲ್ಲೂ ನಡೆಯುತ್ತದೆ. ಪ್ರತಿ ಸಲ ತೆಗೆದ ತಿರುಳಿನ ತುಣುಕು ಹತ್ತಿ, ಗಾಜ್‌ಗಳೊಂದಿಗೆ ಕಸದ ಬುಟ್ಟಿ ಸೇರುತ್ತದೆ. ರೋಗಿಯ ಒಪ್ಪಿಗೆ ಪಡೆದು ಅದನ್ನು ಸಂರಕ್ಷಕ ದ್ರಾವಣದಲ್ಲಿಟ್ಟು, ಆ ಹಲ್ಲು ಒಂದು ವರ್ಷದ ಮೇಲೆ ಹೇಗಿದೆ ಎಂದು ದಾಖಲಿಸಿದರೆ, ಈ ಕ್ಷೇತ್ರಕ್ಕೆ ಬೇಕಾದ ಆಧಾರ ಸಿದ್ಧವಾಗುತ್ತದೆ. ಎಂಡೊಡಾಂಟಿಕ್ಸ್ ವಿಭಾಗಗಳೂ ಅಣುಜೀವಶಾಸ್ತ್ರದ ಪ್ರಯೋಗಾಲಯಗಳೂ ಕೂಡಿ ಈ ಕೆಲಸಕ್ಕೆ ಕೈಹಾಕಬೇಕು.